ಗುಡುಗಿಲ್ಲದ ದಿನ ಕಿತ್ತ ಪ್ಲಗ್

ಮೂರು ತಾಲೂಕಿನ ಪೊಲೀಸರು ಸೇರಿ ಹಿಡಿಯಲಾಗದ ಕಳ್ಳನನ್ನು ನಾನು ಯಲ್ಲಾಪುರದ ನನ್ನ ಚಾದಂಗಡಿಯ ಗಲ್ಲಾದ ಮೇಲೆ ಕೂತಲ್ಲೇ ಹಿಡಿದುಕೊಟ್ಟೆ. ಇಲ್ಲಿ ಒಂದು ಪ್ಲಗ್ ಕಿತ್ತೆ, ಅಲ್ಲಿ ಸಿದ್ದಾಪುರದ ಕಡೆ ಕಳ್ಳ ಬಿದ್ದ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಈಗಲೇ ಕೇಳಬೇಡ ಕೂಸೇ, ಚಾ ಆರುತ್ತದೆ, ಕುಡಿ. ಠಾಣೆಯೊಳಗೆ ನಡೆದದ್ದನ್ನು ನಾನು ಕಂಡವಳಲ್ಲ. ಕಾನ್‌ಸ್ಟೇಬಲ್ ಜ್ಯೋತಿ ಆಮೇಲೆ ಇದೇ ಬೆಂಚಿನ ಮೇಲೆ ಕೂತು ಬನ್ಸ್ ತಿನ್ನುತ್ತ ಹೇಳಿದ್ದು. ಅವಳು ಒಂದು ಹೇಳಿದ್ದಕ್ಕೆ ನಾನು ಎರಡು ಸೇರಿಸಿರಬಹುದು. ತಾರೀಕು ಮಾತ್ರ ಸೇರಿಸಿಲ್ಲ.

ಮೇ ಎಂಟು, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ಶಿರಸಿ ಠಾಣೆಗೆ ಇಬ್ಬರು ಬಂದರು. ಒಬ್ಬ ಸಿಂಗಾರ ಸ್ಟುಡಿಯೊದ ಮಾಲೀಕ ವಿಘ್ನೇಶ್ವರ ಹೆಗಡೆ. ಮದುವೆ ವಿಡಿಯೊ ಮಾಡುವುದು ಅವನ ದಂಧೆ. ಇನ್ನೊಬ್ಬರು ಮತ್ತಿಘಟ್ಟದ ವೆಂಕಟ್ರಮಣ ಭಟ್ಟರು. ಏಪ್ರಿಲ್ ಕೊನೆಯಲ್ಲಷ್ಟೇ ಮಗಳು ದೀಕ್ಷಿತಾಳ ಮದುವೆ ಮಾಡಿ ಕೈ ತೊಳೆದುಕೊಂಡಿದ್ದವರು. 

ಇನ್‌ಸ್ಪೆಕ್ಟರ್ ಚಂದ್ರಶೇಖರಪ್ಪ ಹಾವೇರಿ ಕಡೆಯವರು. ಅಳತೆ ಹಿಡಿದು ಮಾತಾಡುವ ಮನುಷ್ಯ.

"ಏನ್ ಕಳುವಾಗೇತ್ರಿ?"

"ಮದುವೆಗಳು ಸರ್," ಎಂದ ವಿಘ್ನೇಶ್ವರ.

"ಮದುವಿ?"

"ವಿಡಿಯೊ ಸರ್. ಕತ್ತರಿಸಿ ಚಂದ ಮಾಡಿದ್ದಲ್ಲ, ಕ್ಯಾಮೆರಾದಲ್ಲಿ ಹೇಗೆ ಬಂತೋ ಹಾಗೇ ಇಟ್ಟಿದ್ದು. ದೊಡ್ಡ ದೊಡ್ಡ ಫೈಲು. ನಮ್ಮ ಸರ್ವರಿನಿಂದ ಯಾರೋ ಇಳಿಸ್ಕೊಳ್ತಾ ಇದ್ದಾರೆ. ವಾರದ ಮೇಲಾಯ್ತು, ಹಗಲು ರಾತ್ರಿ ಅಂತಿಲ್ಲ."

"ನಿಮಗ ಹೆಂಗ ಗೊತ್ತಾತು?"

"ಮದುವೆ ಮನೆಯವರು ಫೋಟೊ ತೆರೀತಾ ಇಲ್ಲ, ಬರೀ ತಿರುಗ್ತದೆ ಅಂತ ಬೈದ್ರು. ನೋಡಿದ್ರೆ ಲೈನು ಪೂರ್ತಿ ಇವನೇ ಹಿಡ್ಕೊಂಡಿದಾನೆ."

"ಮಂದಿ ಮದುವಿ ತಗೊಂಡು ಏನ್ ಮಾಡ್ತಾನ ಅಂವ? ಊಟದ ಎಲಿ ಎಣಿಸ್ತಾನೇನು?"

ವೆಂಕಟ್ರಮಣ ಭಟ್ಟರು ಕುರ್ಚಿಯ ತುದಿಗೆ ಸರಿದರು. "ಸರ್, ದೀಕ್ಷಿತಾ ಕೂಸಿನ ಸೀರೆಗೆ ಮೈಕ್ ಸಿಕ್ಕಿಸಿದ್ರು. ಧಾರೆ ಮುಗಿದ ಮೇಲೆ ತೆಗೆಯೋದು ಮರೆತು ಹೋತು. ಕೋಣೆಗೆ ಹೋಗಿ ಅದರ ಅಕ್ಕನ ಹತ್ರ ಎಂತೆಂತದೋ ಹೇಳಿದ್ದು. ಹಿಂದೆ ಒಂದು ಕಡೆ ನಿಶ್ಚಯ ಆಗಿ ಮುರಿದದ್ದು... ಬೀಗರಿಗೆ ಗೊತ್ತಿಲ್ಲೆ."

"ಅದು ಆ ವಿಡಿಯೊದಾಗ ಐತಿ?"

"ಎಲ್ಲ ಇದ್ದು. ಅದು ಮೊಬೈಲಲ್ಲಿ ಹರಿದಾಡಿದ್ರೆ ಯಮ್ಮನೆ ಕೂಸು ವಾಪಸ್ ಬತ್ತು ಸರ್."

"ಆ ಮದುವಿನೂ ಹೋಗೇತೇನು?"

"ಮೊನ್ನೆಯೇ ಹೋಗಿದೆ," ಎಂದ ವಿಘ್ನೇಶ್ವರ.

ಹನ್ನೊಂದೂ ನಲವತ್ತಕ್ಕೆ ಎಫ್‌ಐಆರ್ ಆಯಿತು, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕುತ್ತ ಒಂದೇ ಮಾತು ಹೇಳಿದರಂತೆ: ಕಳ್ಳ ಸಿಗುವುದು ಆಮೇಲೆ, ಮೊದಲು ಆ ಪ್ರತಿ ಸಿಗಬೇಕು, ಅದು ಹೊರಗೆ ಬೀಳುವ ಮೊದಲು.

ಮಧ್ಯಾಹ್ನ ಸ್ಟುಡಿಯೊದಲ್ಲಿ ಪಂಚನಾಮೆ ನಡೆಯಿತು. ಜ್ಯೋತಿ ಕಂಪ್ಯೂಟರ್ ಓದಿ ಪೊಲೀಸಾದವಳು. ಸರ್ವರಿನ ದಾಖಲೆ ತೆಗೆದು ಸರಸರ ನೋಡಿದಳು. ಎಲ್ಲ ಫೈಲೂ ಒಂದೇ ಇಂಟರ್ನೆಟ್ ವಿಳಾಸಕ್ಕೆ ಹೋಗಿದ್ದವು. ಇಡಿಯಾಗಿ ಅಲ್ಲ, ತುಂಡು ತುಂಡಾಗಿ. ಲೈನು ಕಡಿದರೆ ಮತ್ತೆ ಕಡಿದ ಜಾಗದಿಂದಲೇ ಶುರು.

"ಇದು ಕೈಯಲ್ಲಿ ಮಾಡಿದ್ದಲ್ಲ ಸರ್," ಎಂದಳು. "ಸ್ಕ್ರಿಪ್ಟ್ ಬರೆದು ಬಿಟ್ಟಿದಾನೆ. ಪೈಥಾನ್ ಇರಬೇಕು. ಅದರಷ್ಟಕ್ಕೆ ಕೇಳ್ತದೆ, ತಗೊಳ್ತದೆ, ಕಡಿದ್ರೆ ಕಾಯ್ತದೆ, ಮತ್ತೆ ಕೇಳ್ತದೆ."

ಹೆಬ್ಬಾವಿನ ಹೆಸರಂತೆ ಅದು. ಹೆಬ್ಬಾವೇ ಸರಿ, ಒಂದೊಂದೇ ಮದುವೆಯನ್ನು ಚಪ್ಪರ ಸಮೇತ ನುಂಗಿದೆ.

"ಸರ್ವರ್ ಬಂದ್ ಮಾಡಿಬಿಡ್ಲಾ ಸರ್?" ವಿಘ್ನೇಶ್ವರ ಕೇಳಿದ.

"ಬ್ಯಾಡ. ಬಂದ್ ಮಾಡಿದ್ರ ಅಂವಗ ಸುಳಿವು ಸಿಗತೈತಿ. ಹೆದರಿದಾಂವ ಏನ್ ಮಾಡ್ತಾನ ಹೇಳಾಕ ಬರಂಗಿಲ್ಲ. ಇನ್ನೂ ಎಷ್ಟು ಬಾಕಿ ಐತಿ?"

"ಹಳೇ ಎರಡು ಸೀಸನ್ನಿಂದು. ಜೂನಿನ ಮಿರ್ಗದ ಮಳೆ ಬೀಳೋದ್ರೊಳಗೆ ನಾನು ಹೇಗೂ ಡಿಸ್ಕ್ ಎಲ್ಲ ಅಳಿಸ್ತೆ ಸರ್, ಎರಡು ವರ್ಷಕ್ಕೊಮ್ಮೆ."

"ಯಾರರ ಬಂದು ವಿಡಿಯೊ ಕೇಳಿದ್ರೇನು?"

"ಅವರವರ ಮನೆ ಮದುವೆ ಅವರವರು ಕೇಳಿದ್ರೆ ಕೊಡ್ತೆ. ಬೇರೆಯವರದ್ದು ಬೇಕು ಅಂದ್ರೆ ಹ್ಯಾಂಗೆ ಕೊಡ್ಲಿ?"

ಇನ್‌ಸ್ಪೆಕ್ಟರ್ ಆ ಉತ್ತರವನ್ನು ಬರೆದುಕೊಂಡರು. ಆದರೆ ಹಾಗೆ ಕೇಳಿದವರು ಯಾರು ಎಂದು ಕೇಳಲಿಲ್ಲ. ಆವತ್ತು ಅದೊಂದನ್ನು ಕೇಳಿದ್ದರೆ ನನ್ನ ಅಂಗಡಿಗೆ ಜೀಪು ಬರುತ್ತಲೇ ಇರಲಿಲ್ಲ.

ಇಂಟರ್ನೆಟ್ ಕಂಪನಿಗೆ ನೋಟಿಸ್ ಹೋಯಿತು. ಶನಿವಾರ ಉತ್ತರ ಬಂತು. ಆ ಸಂಪರ್ಕ ಗಂಗಾ ಗಣಪತಿ ಭಟ್ಟ, ಚಾದಂಗಡಿ, ಬಸ್ ಸ್ಟ್ಯಾಂಡ್ ಹತ್ತಿರ, ಯಲ್ಲಾಪುರ ಎಂಬ ಹೆಸರಿನಲ್ಲಿದೆ.

ಅಂದರೆ ನಾನು!

ಸೋಮವಾರ ಹನ್ನೆರಡು ಗಂಟೆ ಹೊತ್ತಿಗೆ ಜೀಪು ಬಂದು ನಿಂತಿತು. ಇನ್‌ಸ್ಪೆಕ್ಟರ್, ಜ್ಯೋತಿ, ಹೆಡ್ ಕಾನ್‌ಸ್ಟೇಬಲ್ ಕೆರಿಯಪ್ಪ. ಬನ್ಸ್ ತಿನ್ನುತ್ತಿದ್ದವರು ಬಾಯಿ ಒರೆಸದೆ ಎದ್ದು ಹೋದರು. ಇನ್ನೂರು ಜನ ಇದ್ದರು. ಸರಿ, ಆರು ಜನ.

"ಗಂಗಾ ಭಟ್ಟ ಅಂದ್ರ ಯಾರ್ರಿ?"

"ಆನೇ ಗಂಗಾ. ಮೂರು ಚಾ ಮಾಡ್ಲಾ?"

"ಚಾ ಬ್ಯಾಡ. ನಿಮ್ಮ ಲೈನಿನಿಂದ ಶಿರಸಿಯ ಒಂದು ಸ್ಟುಡಿಯೊದ ಮದುವಿ ವಿಡಿಯೊ ಕಳುವಾಗ್ಯಾವ."

"ಯಂಗೆ ರಿಮೋಟೇ ಸರಿ ಬತ್ತಿಲ್ಲೆ. ಮೊನ್ನೆ ಕ್ರಿಕೆಟ್ ಹಾಕಲೆ ಹೋಗಿ ಭಜನೆ ಹಾಕಿದ್ದಿ. ಗಿರಾಕಿಗಳು ಕೈ ಮುಗಿದು ಎದ್ದು ಹೋದ್ವು."

"ನಗಸಾಟಿ ಬ್ಯಾಡ್ರಿ. ಒಂದು ಹೆಣ್ಣುಮಗಳ ಬಾಳು ಇದರಾಗ ಸಿಕ್ಕೊಂಡೈತಿ. ಇನ್ನ ಕಳುವಾಗೂದು ಬಾಕಿ ಇರೋ ಪಟ್ಟಿಯೊಳಗ ನಿಮ್ಮ ಮೊಮ್ಮಗಳು ಮಧುರಾನ ಮದುವಿನೂ ಐತಿ."

ನಾನು ಸೌಟು ಕೆಳಗಿಟ್ಟೆ. ಹೋದ ವರ್ಷ ಮಧುರಾಳ ಮದುವೆ ಶಿರಸಿಯಲ್ಲೇ ಆದದ್ದು. ವಿಡಿಯೊ ಸಿಂಗಾರ ಸ್ಟುಡಿಯೊದವರದ್ದೇ.

ಕೆರಿಯಪ್ಪ ಟಿವಿಯ ಹಿಂದೆ ಬಗ್ಗಿ ನೋಡಿದ. ಇಂಟರ್ನೆಟ್ಟಿನ ಬಿಳಿ ಪೆಟ್ಟಿಗೆಯ ಪಕ್ಕ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದು ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು.

"ಇದೆಂತದು ಅಜ್ಜಿ?"

"ಸಿಗ್ನಲ್ ಜೋರು ಮಾಡ್ತು ಹೇಳಿ ಲೈನಿನವರು ಇಟ್ಟಿದ್ದು."

"ಲೈನಿನವರು ಯಾರು?"

"ಮೂರ್ನಾಕು ಜನ ಬತ್ತ. ಏಣಿ ತತ್ತ, ಕಂಬ ಹತ್ತುತ್ತ, ಚಾ ಕುಡಿತ, ಹೋಗ್ತ. ಯಾರು ಇಟ್ಟಿದ್ದು ಹೇಳಿ ಆನು ನೋಡಿದ್ನಾ?"

ಜ್ಯೋತಿ ಆ ಪೆಟ್ಟಿಗೆಯನ್ನು ಮುಟ್ಟದೆ ದಿಟ್ಟಿಸಿದಳು. ಅದಕ್ಕೆ ಪ್ರಾಕ್ಸಿ ಎನ್ನುತ್ತಾರಂತೆ. ಮದುವೆಮನೆಯಿಂದ ಹೋಳಿಗೆ ಬೇಕು, ತಾನು ಹೋದರೆ ಮುಖ ಗುರುತು ಸಿಗುತ್ತದೆ. ಇನ್ನೊಬ್ಬರ ಕೈಯಲ್ಲಿ ಪಾತ್ರೆ ಕೊಟ್ಟು ಕಳಿಸಿದರೆ ಬಡಿಸುವವನಿಗೆ ಕಾಣುವುದು ಪಾತ್ರೆ ಹಿಡಿದವರ ಮುಖ ಮಾತ್ರ. ಇಲ್ಲಿ ಪಾತ್ರೆ ಹಿಡಿದು ನಿಂತವಳು ನಾನು, ನನಗೇ ಗೊತ್ತಿಲ್ಲದೆ.

"ಅಜ್ಜಿ," ಜ್ಯೋತಿ ಕೇಳಿದಳು, "ದಾಖಲೆಯಲ್ಲಿ ಕೆಲವು ದಿನ ಸಂಜೆ ತಾಸುಗಟ್ಟಲೆ ಇಳಿಸೋದು ನಿಂತಿದೆ. ಆಗ ಶಿರಸಿಯಲ್ಲಿ ಕರೆಂಟಿತ್ತು. ಇಲ್ಲಿ ಎಂತ ಆಗಿತ್ತು?"

"ಗುಡುಗು. ಗುಡುಗಿದ್ರೆ ಪ್ಲಗ್ ಕೀಳದ್ದೆ ಇರ್ತ್ಯ? ಹೋದ ವರ್ಷ ಪಕ್ಕದ ಅಂಗಡಿದು ಟಿವಿ, ಪೆಟ್ಟಿಗೆ, ಫ್ಯಾನು ಎಲ್ಲ ಸುಟ್ಟು ಹೋಯ್ದು. ಆನಂತೂ ಮೋಡ ಕಂಡ್ರೇ ಕೀಳ್ತೆ."

ನಮ್ಮ ಕಡೆ ಎಲ್ಲ ಮನೆಯ ಪದ್ಧತಿ ಇದು. ಆಕಾಶ ಗುಡುಗುಟ್ಟಿತು ಅಂದರೆ ಮಕ್ಕಳನ್ನು ಒಳಗೆ ಕರೆಯುವುದು ಆಮೇಲೆ, ಮೊದಲು ಪ್ಲಗ್ ಕೀಳುವುದು.

"ಮತ್ತೆ ಯಾವಾಗ ಹಾಕ್ತೀರಿ?"

"ಆನು ಮರೆತು ಹೋಗ್ತೆ. ಆ ಮಾಣಿ ಫೋನ್ ಮಾಡಿ ನೆನಪು ಮಾಡ್ತ."

ಮೂವರೂ ಒಮ್ಮೆಲೇ ನನ್ನ ಕಡೆ ತಿರುಗಿದರು. ಒಲೆಯ ಮೇಲಿನ ಹಾಲು ಕೂಡ ಉಕ್ಕುವುದನ್ನು ನಿಲ್ಲಿಸಿತು ಅಂತ ಬೇಕಾದರೆ ನಂಬು.

"ಯಾವ ಮಾಣಿ, ಯಾವ ಹುಡುಗ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

ಹೊಗಳುವ ಚಟ ನನ್ನದು. "ಸಂದೇಶ ಹೇಳಿ ಹೆಸರು. ಮುಂಚೆ ಲೈನಿನ ಕೆಲಸಕ್ಕೆ ಬತ್ತಿದ್ದ, ಈಗ ಬಿಟ್ಟಿದ್ದ. ಅಂಥ ಮಾಣಿ ಲೋಕದಲ್ಲೇ ಇಲ್ಲೆ. ಪ್ರತಿ ಗುಡುಗಿಗೂ ಫೋನ್ ಮಾಡ್ತ. ಅಜ್ಜಿ ಹೆದರಿದ್ರಾ, ಗುಡುಗು ನಿಂತ್ತಾ, ಹಂಗಾರೆ ಪ್ಲಗ್ ಹಾಕಿ, ಹೇಳ್ತ. ಸ್ವಂತ ಮೊಮ್ಮಕ್ಕಳೂ ಹಾಂಗೆ ಕೇಳ್ತ್ವಿಲ್ಲೆ."

ಹೇಳುತ್ತ ಹೇಳುತ್ತ ಜ್ಯೋತಿಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಆಗ ನನಗೆ ಹೊಳೆಯಿತು. ನಾನು ಗುಡುಗಿಗೆ ಹೆದರುವುದರ ಚಿಂತೆ ಅವನಿಗಿರಲಿಲ್ಲ. ಪ್ಲಗ್ ಕಿತ್ತದ್ದು ಅವನಿಗೆ ಗೊತ್ತಾಗುತ್ತಿದ್ದದ್ದು ಅವನ ಹೆಬ್ಬಾವು ಹಸಿದು ಕೂತಾಗ.

ನನ್ನ ಫೋನಿನಲ್ಲಿದ್ದ ನಂಬರನ್ನು ತೆಗೆದುಕೊಂಡರು. ಕಪ್ಪು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಯಾರಿಗೂ ಹೇಳಬೇಡಿ ಎಂದು ತಾಕೀತು ಮಾಡಿ ಹೋದರು. ನಾನು ಎರಡು ದಿನ ಯಾರಿಗೂ ಹೇಳಲಿಲ್ಲ. ನನ್ನ ಜನ್ಮದಲ್ಲೇ ಅಂಥ ಕಷ್ಟ ಬಂದಿರಲಿಲ್ಲ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಮಂಗಳವಾರ ಕರೆಗಳ ವಿವರ ಬಂತು. ಇಳಿಸುವುದು ನಿಂತ ಪ್ರತಿ ಸಂಜೆಯೂ ಆ ನಂಬರಿನಿಂದ ನನಗೆ ಕರೆ ಬಂದಿತ್ತು. ಕರೆಯ ಬೆನ್ನಿಗೇ ಇಳಿಸುವುದು ಮತ್ತೆ ಶುರುವಾಗಿತ್ತು. ನಂಬರು ಸಂದೇಶನ ಹೆಸರಿನಲ್ಲಿರಲಿಲ್ಲ. ಸುಬ್ಬಿ ಎಂಬ ಹೆಂಗಸಿನ ಹೆಸರಿನಲ್ಲಿತ್ತು, ಊರು ಸಿದ್ದಾಪುರದ ಕೋಲಸಿರ್ಸಿ.

ಕೆರಿಯಪ್ಪ ಸಿದ್ದಾಪುರದವನೇ. ಮಾಮೂಲಿ ಅಂಗಿ ತೊಟ್ಟು, ಗೊಬ್ಬರ ಕೇಳುವ ನೆಪ ಮಾಡಿ ಕೋಲಸಿರ್ಸಿಗೆ ಹೋಗಿ ಬಂದ.

"ಸುಬ್ಬಿ ಇಲ್ಲ ಸರ್. ಶಿವರಾತ್ರಿ ಮರುವಾರ ಮಂಗನ ಕಾಯಿಲೆಯಲ್ಲಿ ತೀರಿಕೊಂಡ್ಲಂತೆ. ಸಂದೇಶ ಅವಳ ಮಗ. ಸಿದ್ದಾಪುರ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡ್ತಾನೆ. ಬೆಳಿಗ್ಗೆ ಬಸ್ಸಿಗೆ ಹೋದವ ಸಂಜೆ ಐದೂವರೆ ಬಸ್ಸಿಗೆ ವಾಪಸ್. ಮನೆ ಬೀಗ ಹಾಕಿದ್ರೂ ಒಳಗೆ ಮಿಷನ್ನು ಗುಂಯ್ ಅಂತದೆ ಅಂತ ಪಕ್ಕದ ಮನೆಯವ್ರು ಹೇಳಿದ್ರು."

ವಿಘ್ನೇಶ್ವರನಿಗೆ ಫೋನ್ ಹೋಯಿತು.

"ಸಂದೇಶ ಅಂದ್ರ ಗೊತ್ತೇನ್ರಿ?"

"ನಮ್ಮಲ್ಲೇ ಎಡಿಟಿಂಗ್ ಮಾಡ್ತಿದ್ದ ಸರ್. ಒಳ್ಳೇ ಕೈ. ಎರಡು ವರ್ಷದ ಹಿಂದೆ ಬಿಟ್ಟ, ಸರ್ವರಿನ ಪಾಸ್‌ವರ್ಡ್ ನಾನು ಬದಲಿಸಿರಲಿಲ್ಲ. ಮೊನ್ನೆ ಮಾರ್ಚಲ್ಲಿ ಬಂದು ಹಳೇ ಮದುವೆ ವಿಡಿಯೊ ಎಲ್ಲ ಒಮ್ಮೆ ನೋಡ್ಬೇಕು ಅಂದ. ಆಗ್ತಿಲ್ಲೆ ಅಂದೆ."

"ಯಾಕ ಬೇಕು ಅಂತ ಕೇಳಲಿಲ್ಲೇನು?"

"ಇಲ್ಲ ಸರ್."

ಯಾಕೆ ಎಂದು ಮಾಲೀಕ ಕೇಳಿರಲಿಲ್ಲ, ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿರಲಿಲ್ಲ.

ನೇರವಾಗಿ ಹೋಗಿ ಬಾಗಿಲು ಒಡೆಯಬಹುದಿತ್ತು. ಆದರೆ ಕಂಪ್ಯೂಟರಿಗೆ ಬೀಗ ಬಿದ್ದಿದ್ದರೆ, ಅಥವಾ ಬಾಗಿಲ ಸದ್ದಿಗೇ ಅವನು ಎಲ್ಲ ಅಳಿಸಿಬಿಟ್ಟರೆ, ದೀಕ್ಷಿತಾಳ ಪ್ರತಿ ಅಲ್ಲೇ ಇದೆಯೋ ಬೇರೆಯವರ ಕೈಗೆ ಹೋಗಿದೆಯೋ ಎಂದೆಂದಿಗೂ ತಿಳಿಯದು. ಪರದೆ ತೆರೆದಿರಬೇಕು, ಅವನು ಅದರ ಮುಂದೆ ಕೂತಿರಬೇಕು, ಅವನ ಕೈಯಲ್ಲಿ ಬೇರೇನೋ ಇರಬೇಕು.

"ಅಜ್ಜಿಯ ಫೋನು," ಎಂದಳು ಜ್ಯೋತಿ.

ಮೇ ಹದಿನಾಲ್ಕು, ಬುಧವಾರ. ಸಂಜೆ ಆರು ಗಂಟೆ. ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು ಇನ್‌ಸ್ಪೆಕ್ಟರ್ ನನ್ನೆದುರು ಕೂತರು, ಅವರ ಕಿವಿಯಲ್ಲಿ ಇನ್ನೊಂದು ಫೋನು. ಆ ತುದಿಯಲ್ಲಿ ಕೋಲಸಿರ್ಸಿ. ಕೆರಿಯಪ್ಪ ಮನೆಯ ಮುಂದಿನ ಮಣ್ಣಿನ ದರೆಯ ಕೆಳಗೆ, ಜ್ಯೋತಿ ಹಿತ್ತಲಲ್ಲಿ, ಸಾಕ್ಷಿಗೆಂದು ಕರೆತಂದ ಪಂಚರಿಬ್ಬರು ಗದ್ದೆಯ ಬದುವಿನ ಮೇಲೆ.

"ಕೀಳ್ರಿ," ಎಂದರು.

ಕಿತ್ತೆ. ಹಸಿರು ಕಣ್ಣು ಮುಚ್ಚಿತು.

ಐದು ನಿಮಿಷ, ಹತ್ತು ನಿಮಿಷ. ಬರದೇ ಇರಲಿ ಎಂದು ಒಂದು ಮನಸ್ಸು, ಬರಲಿ ಎಂದು ಇನ್ನೊಂದು. ಆ ಹೆಣ್ಣುಮಗಳ ನೆನಪಾಗುತ್ತಿತ್ತು. ಈ ಮಾಣಿಯದ್ದೂ.

ಫೋನ್ ಬಡಿದುಕೊಂಡಿತು.

"ಅಜ್ಜೀ, ಗುಡುಗು ಜೋರಾ ಅಲ್ಲಿ?"

ಹೂಂ ಎಂದರೆ ಸಾಕಿತ್ತು. ಇನ್‌ಸ್ಪೆಕ್ಟರ್ ಬೆರಳು ತೋರಿಸಿ ಅಷ್ಟೇ ಹೇಳಲು ಕಲಿಸಿದ್ದರು. ನನ್ನ ನಾಲಿಗೆ ಕೇಳಬೇಕಲ್ಲ!

"ಜೋರು ಅಂದ್ರೆ ಎಂತದು ಮಾಣಿ! ಬಸ್ ಸ್ಟ್ಯಾಂಡಿನ ತಗಡೇ ಹಾರಿ ಹೋತು!"

ಇನ್‌ಸ್ಪೆಕ್ಟರ್ ಹಣೆ ಹಿಡಿದುಕೊಂಡರು.

ಅವನು ನಿಧಾನವಾಗಿ ಹೇಳಿದ, "ಮೊಬೈಲಲ್ಲಿ ಯಲ್ಲಾಪುರದಲ್ಲಿ ಮೋಡವೇ ಇಲ್ಲ ಅಂತ ತೋರಿಸ್ತದೆ ಅಜ್ಜಿ." ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು. ಎದ್ದ ಎಂದು ನನಗೆ ಗೊತ್ತಾಯಿತು. ಇನ್‌ಸ್ಪೆಕ್ಟರ್ ಇನ್ನೊಂದು ಫೋನಿಗೆ ಬಾಯಿ ತೆರೆದರು. ನಾನು ನನ್ನ ಬಳೆಯಿಲ್ಲದ ಕೈ ಅಡ್ಡ ಹಿಡಿದೆ.

"ನಿನ್ನ ಮೊಬೈಲು ಯಲ್ಲಾಪುರದಲ್ಲಿ ಸಂಸಾರ ಮಾಡಿದ್ದಾ? ತಗಡು ಹಾರಿದ್ದು ಸುಳ್ಳು. ಎರಡು ಸಲ ಗುಡು ಗುಡು ಅಂದಿದ್ದು, ಅಷ್ಟಕ್ಕೇ ಕಿತ್ತಿದ್ದಿ. ಅಜ್ಜಿ ಒಬ್ಬಳು ಹೆದರಿ ಕೂತ್ರೆ ನೀನು ಮೋಡದ ಲೆಕ್ಕ ಕೇಳ್ತ್ಯನ?"

ಅವನು ನಕ್ಕ. ಕುರ್ಚಿ ಮತ್ತೆ ಮುಂದೆ ಸರಿಯಿತು. "ನಂಗೊತ್ತಿತ್ತು. ಒಂದು ಗುಡುಗಿಗೆ ಹತ್ತು ಹೇಳೋರು ನೀವು. ಹಾಕಿ ಅಜ್ಜಿ, ಇನ್ನು ಸ್ವಲ್ಪವೇ ಬಾಕಿ ಇದೆ."

"ಎಂತದು ಬಾಕಿ?"

"ಎಂತದೂ ಇಲ್ಲ. ನೀವು ಹೆದರಿಲ್ಲ ಅಲ್ದಾ?"

ಫೋನಿನೊಳಗೆ ಬಾಗಿಲು ತಟ್ಟಿದ್ದು ಕೇಳಿತು.

"ಯಾರೋ ಬಂದ್ರು ಅಜ್ಜಿ, ಇಡ್ತೇನೆ," ಎಂದ.

ಆರು ಇಪ್ಪತ್ತೈದಕ್ಕೆ ಬಂಧನ. ಓಡಲಿಲ್ಲ, ಅಳಿಸಲಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದೇ ಬಾಗಿಲು ತೆಗೆದನಂತೆ. ಒಳಗೆ ಮೇಜಿನ ಮೇಲೆ ಪರದೆ ತೆರೆದಿತ್ತು, ಸ್ಕ್ರಿಪ್ಟು ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುತ್ತಿತ್ತು: ಸಂಪರ್ಕ ಇಲ್ಲ, ಕಾಯುತ್ತಿದೆ.

ಪಂಚರ ಎದುರು ಜ್ಯೋತಿ ಡಿಸ್ಕ್ ತೆರೆದಳು. ಮದುವೆಗಳಿಗಾಗಿ ಹುಡುಕಿದಳು. ಇರಲಿಲ್ಲ. ದೀಕ್ಷಿತಾಳದ್ದೂ ಇಲ್ಲ, ಯಾರದ್ದೂ ಇಲ್ಲ. ನೋಡಿ ಮುಗಿದದ್ದನ್ನು, ಬೇಡವಾದದ್ದನ್ನು ಅವನೇ ಅಳಿಸಿ ಹಾಕುತ್ತ ಬಂದಿದ್ದ. ಎಲ್ಲಿಗೂ ಕಳಿಸಿದ ಕುರುಹಿರಲಿಲ್ಲ. ಉಳಿದದ್ದು ಒಂದೇ ಕಡತ, ಅದರ ಹೆಸರು 'ಅವ್ವ'. ಅದರೊಳಗೆ ಚೂರುಪಾರು ತುಣುಕುಗಳು. ಒಂದರಲ್ಲಿ ಪಂಕ್ತಿಯ ತುದಿಯಲ್ಲಿ ಬಗ್ಗಿದ ಬೆನ್ನು. ಒಂದರಲ್ಲಿ ಎಂಜಲೆಲೆ ಎತ್ತುವ ಎರಡು ಕೈ, ಬಕೆಟ್ಟು. ಒಂದರಲ್ಲಿ ಕಂಬದ ಹಿಂದೆ ಅರ್ಧ ಕೆನ್ನೆ. ಮುಖ ಪೂರ್ತಿ ಕಂಡದ್ದು ಒಂದರಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಶಿರಸಿ ಠಾಣೆಯಲ್ಲಿ ವಿಚಾರಣೆ.

"ಇದು ಯಾರು?"

"ನಮ್ಮವ್ವ. ಮದುವೆಮನೆಗಳಲ್ಲಿ ಎಲೆ ತೆಗೆಯೋಕೆ ಹೋಗ್ತಿದ್ಲು."

"ಮನ್ಯಾಗ ಫೋಟೊ ಇಲ್ಲೇನು?"

"ಚುನಾವಣೆ ಕಾರ್ಡಿಂದು ಒಂದಿದೆ. ಅದರಲ್ಲಿ ಅವ್ವನೂ ಒಂದೇ, ಪಕ್ಕದ ಮನೆಯವಳೂ ಒಂದೇ. ಹನ್ನೊಂದನೇ ದಿನ ಅದನ್ನೇ ಇಟ್ಟು ಹೂ ಹಾಕಿದೆ."

"ಮಾಲೀಕರ ಹತ್ರ ಕೇಳಿದಿ. ಅವ್ವನ ಸಲುವಾಗಿ ಅಂತ ಯಾಕ ಹೇಳಲಿಲ್ಲ?"

"ಹೇಗೆ ಹೇಳ್ಲಿ ಸರ್? ನಾನಲ್ಲಿ ಎಡಿಟಿಂಗ್ ಮಾಡ್ತಿದ್ದೆ. ಅವ್ವ ಚೌಕಟ್ಟಿನೊಳಗೆ ಬಂದಾಗೆಲ್ಲ ಕತ್ತರಿಸಿದ್ದು ನಾನೇ. ಯಾರೂ ಹೇಳಿರಲಿಲ್ಲ. ಪಕ್ಕದ ಮೇಜಿನವರು ನೋಡಿದ್ರೆ ಅಂತ."

"ಈ ಏಪ್ರಿಲ್ ಮದುವಿ ಯಾಕ ಇಳಿಸಿದಿ? ಅವ್ವ ಆಗ ಇರಲಿಲ್ಲಲ್ಲ."

"ಸ್ಕ್ರಿಪ್ಟಿಗೆ ತಾರೀಕು ಹೇಳಿರಲಿಲ್ಲ ಸರ್. ಮಿರ್ಗದೊಳಗೆ ಎಲ್ಲ ಅಳಿಸಿ ಹೋಗ್ತದೆ ಅಂತ ಗಡಿಬಿಡಿ. ಎಲ್ಲ ತಗೋ ಅಂದಿದ್ದೆ. ಅದು ತೆರೆದೂ ನೋಡಿಲ್ಲ, ಅಳಿಸಿದ್ದೇನೆ."

ಜ್ಯೋತಿ ಅದನ್ನು ದಾಖಲೆಯೊಡನೆ ತಾಳೆ ನೋಡಿದಳು. ನಿಜವಾಗಿತ್ತು. ವೆಂಕಟ್ರಮಣ ಭಟ್ಟರಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆ ಮೂಗು ಒರೆಸಿದ ಸದ್ದು ಕೇಳಿತಂತೆ. ದೀಕ್ಷಿತಾ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಅತ್ತೆ ಒಳ್ಳೆಯವಳೇ.

ಕೇಸು ಕೇಸೇ. ಡಿಸ್ಕಿಗೆ ಮೊಹರು ಬಿದ್ದು ಪರೀಕ್ಷೆಗೆ ಹೋಯಿತು, 'ಅವ್ವ' ಕಡತವೂ ಅದರೊಳಗೇ ಹೋಯಿತು. ಸಂದೇಶ ಜಾಮೀನಿನ ಮೇಲೆ ಬಂದ. ಸ್ಟುಡಿಯೊದ ಹತ್ತಿರ ಸುಳಿಯಕೂಡದು ಎಂದು ಕೋರ್ಟಿನ ಷರತ್ತು. ಮಿರ್ಗದ ಮಳೆ ಬಂತು, ವಿಘ್ನೇಶ್ವರ ವಾಡಿಕೆಯಂತೆ ಹಳೆಯದೆಲ್ಲ ಅಳಿಸಿದ.

ಆದರೆ ಕೂಸೇ, ಈಗ ಕೋಲಸಿರ್ಸಿಯ ಆ ಮನೆಗೆ ಹೋದರೆ ಗೋಡೆಯ ಮೇಲೆ ಒಂದು ಫೋಟೊ ಕಾಣುತ್ತದೆ, ಕಟ್ಟು ಹಾಕಿಸಿದ್ದು. ಮದುವೆಮನೆಯ ಹಿತ್ತಲು. ಸುಬ್ಬಿ ಬಕೆಟ್ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಬಾಯಿ ತುಂಬ ನಗುತ್ತಿದ್ದಾಳೆ. ಹಲ್ಲು ಎಣಿಸಬಹುದು. ಎದುರಿಗೆ ಯಾರೋ ಏನೋ ದೊಡ್ಡ ಸುಳ್ಳು ಹೇಳಿ ನಗಿಸಿದ ಹಾಗಿದೆ. ಹೇಳಿದವರ ಮುಖ ಬಂದಿಲ್ಲ. ಚೌಕಟ್ಟಿನ ಅಂಚಿನಲ್ಲಿ ಹೋಳಿಗೆ ಹಿಡಿದ ಒಂದು ಮುದಿ ಕೈ ಇದೆ, ಬಳೆ ಇಲ್ಲದ್ದು.

ಪೊಲೀಸರು ಕೊಟ್ಟದ್ದಲ್ಲ, ಡಿಸ್ಕಿಗೆ ಮೊಹರಿದೆ. ಸಂದೇಶ ಕದ್ದದ್ದಲ್ಲ, ಅವನು ಅಲ್ಲಿಗೆ ಹೋಗುವ ಹಾಗಿಲ್ಲ. ಅವರವರ ಮನೆ ಮದುವೆ ಅವರವರು ಕೇಳಿದರೆ ಕೊಡುತ್ತೇನೆ ಎಂದಿದ್ದನಲ್ಲ ವಿಘ್ನೇಶ್ವರ.

ಚಾ ಮುಗಿಯಿತಾ? ಲೋಟ ಅಲ್ಲಿಡು. ಅದು ಯಾರ ಮನೆಯ ಮದುವೆ, ಮಳೆ ಬೀಳುವ ಮುನ್ನಾದಿನ ಶಿರಸಿ ಬಸ್ಸು ಹತ್ತಿ ಹೋಗಿ ಕೇಳಿದ್ದು ಯಾರು, ನೀನೇ ಹೇಳು ನೋಡ್ವ.